ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಫಾರ್ಮ್ಯಾಟ್ ಮದ್ದಲ್ಲ

ಪ್ರಶ್ನೆ: ತಾಲೂಕು ಆಫೀಸಿನ ಎದುರು ನಮ್ಮದೊಂದು ಸಣ್ಣ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ಸಿಸ್ಟಂ ತಗೊಂಡಿದ್ದು 2016ರಲ್ಲಿ. 1 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ್‍ಯಾಮ್, ವಿಂಡೋಸ್ 10. ಮೂರು ವಾರದಿಂದ ಆನ್ ಮಾಡಿದರೆ ಡೆಸ್ಕ್‌ಟಾಪ್ ಬರಲು ಹದಿನೈದು ನಿಮಿಷ ಬೇಕು. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಫೈಲ್ ತೆರೆದರೆ ಹ್ಯಾಂಗ್ ಆಗುತ್ತದೆ. ಎರಡು ಸಲ ನೀಲಿ ಪರದೆ ಬಂತು. ಮೊನ್ನೆ ಕಪ್ಪು ಪರದೆಯ ಮೇಲೆ ಬೂಟ್ ಡಿವೈಸ್ ಇಲ್ಲ ಎಂದು ಬಂತು, ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು. ಸಿಪಿಯು ಒಳಗಿಂದ ಆಗಾಗ ಟಿಕ್ ಟಿಕ್ ಸದ್ದು. ರಿಪೇರಿಯವರು ‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ’ ಅಂತಾರೆ. ಇನ್ನೊಬ್ಬರು ರಾತ್ರಿಯಿಡೀ ಚೆಕ್‌ಡಿಸ್ಕ್ ಓಡಿಸಿ ಎಂದರು. ಮಗ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಹಾಕಿಸು ಅಂತಾನೆ. ಲಗ್ನಪತ್ರಿಕೆ ಸೀಸನ್ ಬೇರೆ. ಇಷ್ಟು ವರ್ಷದ ಫೈಲುಗಳೆಲ್ಲ ಡಿ ಡ್ರೈವಿನಲ್ಲಿವೆ, ಹಾಗಾಗಿ ಅವು ಸೇಫ್ ಅಲ್ವಾ? ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಡಿ ಡ್ರೈವಿನ ಮಾತು. ಸೇಫ್ ಅಲ್ಲ. ಪರದೆಯ ಮೇಲೆ ಸಿ, ಡಿ ಎಂದು ಎರಡು ಕಾಣುತ್ತವೆ. ಒಳಗಿರುವುದು ಒಂದೇ ಡಿಸ್ಕ್. ಒಂದೇ ಹೊಲದ ನಡುವೆ ಬದು ಹಾಕಿದ ಹಾಗೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಆ ಬದು ಉಪಯೋಗಕ್ಕೆ ಬರುತ್ತದೆ. ಡಿಸ್ಕೇ ಕೆಡುವಾಗ ಬರುವುದಿಲ್ಲ. ಕೆರೆ ಏರಿ ಒಡೆದರೆ ನೀರು ಬದು ನೋಡಿಕೊಂಡು ಹರಿಯುತ್ತದೆಯೇ?

ಎರಡನೇ ಮಾತು. ಸಿಸ್ಟಂ ಈಗ ಆನ್ ಆಗಿದ್ದರೆ ಶಟ್ ಡೌನ್ ಮಾಡಿ. ಅರ್ಜೆಂಟ್ ಪತ್ರಿಕೆಗಳನ್ನು ಎರಡು ದಿನ ಬೇರೆ ಕಡೆ ಮಾಡಿಸಿ. ನಿಮ್ಮ ಡಿಸ್ಕಿಗೆ ಇನ್ನೆಷ್ಟು ಗಂಟೆ ಆಯುಸ್ಸಿದೆ ಎಂದು ಯಾರೂ ಹೇಳಲಾರರು. ಹತ್ತು ಗಂಟೆ ಇರಬಹುದು, ಆರು ತಿಂಗಳೂ ಇರಬಹುದು. ಇರುವ ಗಂಟೆಗಳನ್ನು ಫೈಲು ಹೊರಗೆ ತರುವುದಕ್ಕೆ ಖರ್ಚು ಮಾಡಬೇಕು. ಪರೀಕ್ಷೆ, ರಿಪೇರಿ, ಫಾರ್ಮ್ಯಾಟ್ ಎಲ್ಲ ಆಮೇಲೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಸ್ಟುಡಿಯೋದವರು ಡಿಸ್ಕ್ ತಂದು ಕೊಟ್ಟರು. ಎರಡು ಮದುವೆಯ ಫೋಟೋ ಅದರಲ್ಲಿತ್ತು, ಇನ್ನೂ ಆಲ್ಬಂ ಆಗಿರಲಿಲ್ಲ. ನಾನು ಬಹಳ ಜಾಣನಂತೆ ಚೆಕ್‌ಡಿಸ್ಕನ್ನು ಪೂರ್ತಿ ಸ್ಕ್ಯಾನಿಗೆ ಹಾಕಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು, ಬಯೋಸ್‌ನಲ್ಲಿ (ಆನ್ ಮಾಡಿದೊಡನೆ ವಿಂಡೋಸಿಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಪ್ರೋಗ್ರಾಂ) ಹೆಸರೂ ಬರುತ್ತಿರಲಿಲ್ಲ. ಸಂಜೆ ಅವರು ಕೊಟ್ಟಾಗ ಫೋಲ್ಡರುಗಳು ತೆರೆಯುತ್ತಿದ್ದವು. ಆಗಲೇ ಕಾಪಿ ಮಾಡಿಕೊಂಡಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಆ ಗಿರಾಕಿಯ ಮುಖ ಈಗಲೂ ಕಣ್ಣ ಮುಂದೆ ಇದೆ.

ಚೆಕ್‌ಡಿಸ್ಕ್ ಕೆಟ್ಟದ್ದು ಅಂತಲ್ಲ. ಅದು ಫೈಲುಗಳ ಲೆಕ್ಕಪುಸ್ತಕ ಸರಿಮಾಡುವ ಸಾಧನ. ಕರೆಂಟ್ ಹೋಗಿ ಲೆಕ್ಕ ತಪ್ಪಿದ್ದರೆ ಒಳ್ಳೆಯದೇ. ಆದರೆ ಪೂರ್ತಿ ಸ್ಕ್ಯಾನ್ ಎಂದರೆ ಡಿಸ್ಕಿನ ಪ್ರತಿ ಜಾಗವನ್ನೂ ಒಮ್ಮೆ ಓದುವುದು. ಸೆಕೆಂಡಿಗೆ 100 ಎಂಬಿ ಓದುವ ಆರೋಗ್ಯವಂತ 1 ಟಿಬಿ ಡಿಸ್ಕಿಗೇ ಹತ್ತಿರ ಹತ್ತಿರ ಮೂರು ಗಂಟೆ ಬೇಕು. ರೋಗಿ ಡಿಸ್ಕಿಗೆ ಅದು ದಿನಗಟ್ಟಲೆ ನಡೆಯುತ್ತದೆ. ಜ್ವರ ಬಂದವರನ್ನು ಕೆರೆ ಸುತ್ತ ಓಡಿಸಿದ ಹಾಗೆ. ಮೇಲಾಗಿ, ಓದಲಾಗದ ತುಂಡುಗಳನ್ನು ಅದು ಫೈಲಿನಿಂದ ಕಿತ್ತು ಬೇರೆ ಮಾಡುತ್ತದೆ. ಇನ್ನೂ ಎರಡು ಸಲ ಪ್ರಯತ್ನಿಸಿದ್ದರೆ ಸಿಗಬಹುದಾಗಿದ್ದ ಫೈಲು ಆಗ ತುಂಡಾಗಿ ಕೂರುತ್ತದೆ.

ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅರ್ಧ ನಿಜ ಹೇಳುತ್ತಿದ್ದಾರೆ. ಇದಕ್ಕೆ ಡಿಸ್ಕಿನ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಓದುವ ಹೆಡ್ ಆ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತಟ್ಟೆಯ ಮೇಲೆ ಸೆಕ್ಟರ್ ಎಂಬ ಸಣ್ಣ ಸಣ್ಣ ಮನೆಗಳು. ಯಾವುದಾದರೂ ಸೆಕ್ಟರ್ ಓದಲು ಬರದಿದ್ದರೆ ಡಿಸ್ಕ್ ಸುಮ್ಮನೆ ಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟೂ ಹೊತ್ತು ವಿಂಡೋಸ್ ಬಾಗಿಲಲ್ಲಿ ಕಾಯುತ್ತದೆ. ನಿಮ್ಮ ಹದಿನೈದು ನಿಮಿಷ ಹೋಗುತ್ತಿರುವುದು ಹೀಗೆ. ವಿಂಡೋಸಿಗೇ ಬೇಕಾದ ಫೈಲು ಓದಲಾಗದಿದ್ದರೆ ನೀಲಿ ಪರದೆ. ಡಿಸ್ಕ್ ಎಚ್ಚರವಾಗಲು ತಡವಾದರೆ ಬೂಟ್ ಡಿವೈಸ್ ಇಲ್ಲ ಎಂಬ ಕಪ್ಪು ಪರದೆ. ಹೆಡ್ ತನ್ನ ದಾರಿ ಸಿಗದೆ ವಾಪಸ್ ಹೋಗಿ ಮತ್ತೆ ಬರುವ ಸದ್ದು ಆ ಟಿಕ್ ಟಿಕ್.

ಪ್ರತಿ ಡಿಸ್ಕಿನಲ್ಲೂ ಒಂದಿಷ್ಟು ಸ್ಪೇರ್ ಸೆಕ್ಟರುಗಳನ್ನು ಕಾಯ್ದಿಟ್ಟಿರುತ್ತಾರೆ. ಓದಲು ಬರದ ಸೆಕ್ಟರಿನ ಮೇಲೆ ಹೊಸದಾಗಿ ಬರೆಯಲು ಹೋದಾಗ, ಅಲ್ಲಿ ಆಗದಿದ್ದರೆ ಡಿಸ್ಕ್ ಸ್ಪೇರ್ ಒಂದನ್ನು ಅದರ ಜಾಗಕ್ಕೆ ಕೂರಿಸುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನ ತುಂಬ ಸೊನ್ನೆ ಬರೆದಂತಾಗುತ್ತದೆ. ಹಾಗಾಗಿ ಕೆಟ್ಟ ಸೆಕ್ಟರುಗಳೆಲ್ಲ ಒಂದೇ ಏಟಿಗೆ ಬದಲಾಗಿ, ಹದಿನೈದು ದಿನ ಸಿಸ್ಟಂ ಹೊಸದರಂತೆ ಓಡುತ್ತದೆ. ರಿಪೇರಿಯವರಿಗೆ ಒಳ್ಳೆ ಹೆಸರು. ಆದರೆ ತಟ್ಟೆ ಕೆರೆದದ್ದೇ ಕಾರಣವಾಗಿದ್ದರೆ ಆ ಪುಡಿ ಒಳಗೇ ಸುತ್ತುತ್ತಿರುತ್ತದೆ, ಗಾಯ ಹರಡುತ್ತದೆ. ಆಮೇಲೆ ಕೆಟ್ಟಾಗ ಹಳೆಯ ಫೈಲೂ ಇಲ್ಲ, ಹೊಸ ಫೈಲೂ ಇಲ್ಲ.

ಇಷ್ಟಾದರೂ ರೋಗ ಡಿಸ್ಕಿನದ್ದೇ ಎಂದು ಖಚಿತ ಮಾಡಿಕೊಳ್ಳಬೇಕಲ್ವಾ? ಡಿಸ್ಕಿಗೆ ಆಯಾಸ ಕೊಡದ ಒಂದು ಪರೀಕ್ಷೆ ಇದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಆ ಪಟ್ಟಿಯನ್ನು ತೋರಿಸುತ್ತದೆ. ಮಗನ ಲ್ಯಾಪ್‌ಟಾಪಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿಸಿ, ಇನ್‌ಸ್ಟಾಲ್ ಬೇಡದ ಆವೃತ್ತಿಯನ್ನೇ ತಗೊಳ್ಳಿ, ಪೆನ್ ಡ್ರೈವಿನಿಂದ ಓಡಿಸಿ. ರೋಗಿ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದು, ಅದಕ್ಕೆ.

ನೀಲಿ ಬಣ್ಣ ಬಂದರೆ ಸದ್ಯಕ್ಕೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಕೆಟ್ಟಿದೆ. ಬಣ್ಣಕ್ಕಿಂತ ನಾನು ನಾಲ್ಕು ಸಾಲು ನೋಡುತ್ತೇನೆ. 05 ಎಂಬ ಸಾಲು ಈಗಾಗಲೇ ಎಷ್ಟು ಸ್ಪೇರ್ ಖರ್ಚಾಗಿದೆ ಎನ್ನುತ್ತದೆ. ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. ಸಿ6 ಎಂದರೆ ಡಿಸ್ಕ್ ತಾನೇ ಪರೀಕ್ಷಿಸಿ ಕೈಚೆಲ್ಲಿದವು. ಈ ಮೂರರಲ್ಲಿ ಒಂದಾದರೂ ಸೊನ್ನೆ ಬಿಟ್ಟು ಮೇಲೆ ಹೋಗಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಟಿದೆ ಎಂದೇ ಅರ್ಥ. ಒಂದೆರಡು ಸಿ5 ಮಾತ್ರ ಇದ್ದು ಏರದೆ ನಿಂತಿದ್ದರೆ ಬರೆಯುವಾಗ ಕರೆಂಟ್ ಹೋದದ್ದೂ ಕಾರಣವಿರಬಹುದು. ನಾಲ್ಕನೆಯದು ಸಿ7. ಅದೊಂದೇ ಏರುತ್ತಿದ್ದರೆ ಖುಷಿಪಡಿ. ಬಹುತೇಕ ಅದು ಕೇಬಲ್ಲಿನ ದೋಷ, ಕೇಬಲ್ ಬದಲಾಯಿಸಿದರೆ ಮುಗಿಯಿತು.

ಒಂದು ಗೊಂದಲ ತಪ್ಪಿಸಿಕೊಳ್ಳಿ. ಆ ಸಾಫ್ಟ್‌ವೇರಿನ ಕೊನೆಯ ಕಾಲಂನ ಅಂಕಿಗಳು ಮೊದಲಿಗೆ ಹದಿನಾರರ ಲೆಕ್ಕದಲ್ಲಿರುತ್ತವೆ, ನಮ್ಮ ಹತ್ತರ ಲೆಕ್ಕದಲ್ಲಲ್ಲ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, 9 ವರ್ಷ ಓಡಿದ ಡಿಸ್ಕ್ 21,600 ಗಂಟೆ ಓಡಿರುತ್ತದೆ. ಅಲ್ಲಿ ಅದು 5460 ಎಂದು ಕಾಣುತ್ತದೆ. ಸೆಟ್ಟಿಂಗಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಾಯಿಸಿಕೊಳ್ಳಬಹುದು. ಇನ್ನೊಂದು, ಸೀಗೇಟ್ ಡಿಸ್ಕುಗಳಲ್ಲಿ 01 ಮತ್ತು 07 ಸಾಲುಗಳ ಅಂಕಿ ಕೋಟಿಗಟ್ಟಲೆ ಇರುತ್ತದೆ. ಅದನ್ನು ನೋಡಿ ಎದೆ ಒಡೆದುಕೊಂಡು ಬರುವವರಿದ್ದಾರೆ. ಅದರಲ್ಲಿ ಬೇರೆ ಲೆಕ್ಕವೂ ಸೇರಿರುತ್ತದೆ, ಹೆದರಬೇಡಿ.

ಹಾಗೆಂದು ನೀಲಿ ಬಂತು ಎಂದು ನಿದ್ದೆ ಮಾಡಲೂ ಬೇಡಿ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು ಉಷ್ಣಾಂಶ ಬಿಟ್ಟರೆ ಸ್ಮಾರ್ಟ್‌ನ ಯಾವ ಸಾಲಿನಲ್ಲೂ ಸುಳಿವು ಕೊಡದೆ ಸತ್ತಿದ್ದವು. ಇನ್ನೊಂದು ಮಾತೂ ಅದರಲ್ಲಿತ್ತು: ಸ್ಕ್ಯಾನ್ ಮಾಡುವಾಗ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ. ಸ್ಮಾರ್ಟ್ ಕೆಟ್ಟ ಸುದ್ದಿ ಹೇಳಿದರೆ ನಂಬಿ, ಒಳ್ಳೆಯ ಸುದ್ದಿ ಹೇಳಿದರೆ ಅರ್ಧ ನಂಬಿ.

ವಿಂಡೋಸ್ ಕೂಡ ಡೈರಿ ಬರೆಯುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಎಂಬ ಪಟ್ಟಿಯಲ್ಲಿ ‘ಡಿಸ್ಕ್’ ಹೆಸರಿನಲ್ಲಿ 7 ಎಂಬ ನಂಬರಿನ ಕೆಂಪು ಗುರುತು ಸಾಲು ಸಾಲಾಗಿದ್ದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ ಎಂದು. 153 ಎಂದಿದ್ದರೆ ಓದಲು ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತು ಎಂದು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ತೋರಿಸುವುದನ್ನು ಮಾತ್ರ ಸಾಕ್ಷಿ ಎಂದು ಹಿಡಿಯಬೇಡಿ. ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 10 ಓಡಿಸಿದರೆ ಆರೋಗ್ಯವಂತ ಸಿಸ್ಟಂ ಕೂಡ ಬೆಳಗ್ಗೆ ಹಾಗೇ ಒದ್ದಾಡುತ್ತದೆ.

ಇನ್ನು ಕ್ಯಾಬಿನೆಟ್ ಬಿಚ್ಚಿ. (ನೀವು ಸಿಪಿಯು ಎಂದಿದ್ದೀರಿ, ಇಡೀ ಊರೇ ಹಾಗನ್ನುತ್ತದೆ, ನಾನೂ ಗಿರಾಕಿಗಳ ಹತ್ತಿರ ಹಾಗೇ ಅನ್ನುತ್ತೇನೆ.) ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕಬ್ಬಿಣದ ಚೌಕಟ್ಟು ಮುಟ್ಟಿ, ಆಮೇಲೆ ಕೈ ಹಾಕಿ. ಡಿಸ್ಕಿನ ಎರಡೂ ಕೇಬಲ್ ತೆಗೆದಿಟ್ಟು ಮತ್ತೆ ಆನ್ ಮಾಡಿ. ಆಗಲೂ ಟಿಕ್ ಟಿಕ್ ಬಂದರೆ ಸದ್ದು ಡಿಸ್ಕಿನದ್ದಲ್ಲ, ಫ್ಯಾನಿಗೆ ವೈರ್ ತಾಗುತ್ತಿದೆ. ಒಮ್ಮೆ ಹೀಗೆ ಬಿಚ್ಚಿದಾಗ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಹಿಂದೆ ಹಲ್ಲಿಯೊಂದು ಸಂಸಾರ ಹೂಡಿತ್ತು, ಮೊಟ್ಟೆ ಸಮೇತ. ಡಿಸ್ಕ್ ಗಟ್ಟಿಮುಟ್ಟಾಗಿತ್ತು.

ಗಡಿಯಾರವನ್ನೂ ನೋಡಿ. ಆನ್ ಮಾಡಿದಾಗ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಅದರ ನಂಬರ್ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆ ಸೆಲ್ ಸತ್ತರೆ ಬಯೋಸ್ ಸೆಟ್ಟಿಂಗ್ ಮರೆತು ಬೂಟ್ ಆರ್ಡರ್ ಬದಲಾಗುತ್ತದೆ, ಡಿಸ್ಕಿನ ಮೋಡ್ ಕೂಡ ಬದಲಾಗಬಹುದು. ಆಗ ಬೂಟ್ ಡಿವೈಸ್ ಇಲ್ಲ ಎಂದೋ ನೀಲಿ ಪರದೆಯೋ ಬರುತ್ತದೆ. ಇದಿಷ್ಟೂ ಡಿಸ್ಕಿನ ತಪ್ಪಲ್ಲದೆಯೇ. ಯುಎಸ್‌ಬಿಯಲ್ಲಿ ಪೆನ್ ಡ್ರೈವ್ ಮರೆತು ಬಿಟ್ಟಿಲ್ಲ ತಾನೇ? ನಗಬೇಡಿ, ವರ್ಷಕ್ಕೆ ನಾಲ್ಕು ಕೇಸಾದರೂ ಹಾಗೆ ಬರುತ್ತವೆ.

ಆದರೆ ಪತ್ರದಲ್ಲಿ ಹೇಳಿದ ಎಲ್ಲ ಲಕ್ಷಣ ಒಟ್ಟಿಗೆ, ಅದೂ ಇಷ್ಟು ವಯಸ್ಸಾದ ಡಿಸ್ಕಿನಲ್ಲಿ ಎಂದರೆ, ಸ್ಮಾರ್ಟ್ ಪಟ್ಟಿ ನೋಡುವ ಮೊದಲೇ ನನ್ನ ಬೆರಳು ಡಿಸ್ಕಿನ ಕಡೆಗೆ.

ಈಗ ಫೈಲು ತೆಗೆಯುವ ಕೆಲಸ. ಅದೇ ವಿಂಡೋಸಿನೊಳಗೆ ಕೂತು ಕಾಪಿ ಮಾಡುವುದು ಒಳ್ಳೆಯದಲ್ಲ. ವಿಂಡೋಸ್ ತಾನೇ ಆ ಡಿಸ್ಕಿನ ಮೇಲೆ ಕೂತಿದೆ. ಆಂಟಿವೈರಸ್, ಅಪ್‌ಡೇಟ್, ಏನೇನೋ ಹಿಂದಿನಿಂದ ಓದುತ್ತ ಬರೆಯುತ್ತ ಇರುತ್ತವೆ. ವಿಂಡೋಸಿನ ಬದಲು ಸಿಸ್ಟಂ ಓಡಿಸಬಲ್ಲ ಉಚಿತ ಉಬುಂಟು ಲಿನಕ್ಸನ್ನು ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ಸಾಫ್ಟ್‌ವೇರಿನಿಂದ ಪೆನ್ ಡ್ರೈವಿಗೆ ಹಾಕಿ, ಅದರಿಂದ ಸಿಸ್ಟಂ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡಲೋ, ಸುಮ್ನೆ ಪ್ರಯತ್ನಿಸಿ ನೋಡಲೋ ಎಂದು ಕೇಳುತ್ತದೆ. ಎರಡನೆಯದನ್ನೇ ಒತ್ತಿ. ಇನ್‌ಸ್ಟಾಲ್ ಒತ್ತಿದಿರೋ, ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ. ಪೆನ್ ಡ್ರೈವಿನಿಂದ ಓಡುವ ಲಿನಕ್ಸ್ ನಿಮ್ಮ ಸಿ, ಡಿ ಎರಡನ್ನೂ ಫೋಲ್ಡರಿನಂತೆ ತೋರಿಸುತ್ತದೆ. ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ ಎಂದರೆ ಇನ್ನೂ ಒಳ್ಳೆಯದು. ಲಿನಕ್ಸ್ ರಗಳೆ ಬೇಡ ಎನಿಸಿದರೆ ಡಿಸ್ಕ್ ಬಿಚ್ಚಿ ಬೇರೆ ಡೆಸ್ಕ್‌ಟಾಪಿಗೆ ಎರಡನೇ ಡಿಸ್ಕಾಗಿ ಹಾಕಿ. ಯುಎಸ್‌ಬಿ ಕನ್ವರ್ಟರ್ ತರುವುದಾದರೆ ಅಡಾಪ್ಟರ್ ಇರುವುದನ್ನೇ ತನ್ನಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟಿಗೆ ಅದು ತಿರುಗುವುದೇ ಇಲ್ಲ.

ಬೇರೆ ಡಿಸ್ಕಿಗೆ ಕಾಪಿ ಮಾಡುವಾಗ ಡಿ ಡ್ರೈವನ್ನು ಇಡಿಯಾಗಿ ಎಳೆದು ಬಿಡಬೇಡಿ. ಮೊದಲು ಈ ವರ್ಷದ ಗಿರಾಕಿಗಳ ಫೈಲು, ಆಮೇಲೆ ಪತ್ರಿಕೆಯ ಮಾದರಿಗಳು, ಬಿಲ್ ಲೆಕ್ಕ. ಅಂದರೆ ಇಲ್ಲದಿದ್ದರೆ ಅಂಗಡಿ ನಿಲ್ಲುವಂಥವು, ಸಣ್ಣವು. ಡೌನ್‌ಲೋಡ್ ಮಾಡಿದ ಸಿನಿಮಾಗಳು ಹೋದರೆ ಹೋಗಲಿ. ಸಿ ಡ್ರೈವಿನಲ್ಲಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮರೆಯಬೇಡಿ. ಎಲ್ಲ ಡಿಯಲ್ಲೇ ಇದೆ ಎಂದವರ ಅರ್ಧ ಸಂಸಾರ ಡೆಸ್ಕ್‌ಟಾಪಿನ ಮೇಲೆ ಇರುತ್ತದೆ. ಯಾವುದೋ ಒಂದು ಫೈಲಿನಲ್ಲಿ ಸಿಕ್ಕಿ ನಿಂತರೆ ಅದನ್ನು ಬಿಡಿ, ಹೆಸರು ಬರೆದಿಟ್ಟುಕೊಂಡು ಮುಂದೆ ಹೋಗಿ. ಹಟ ಮಾಡಿದರೆ ಡಿಸ್ಕ್ ಅಲ್ಲೇ ಕುಸಿಯುತ್ತದೆ. ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾದರೆ ಆಫ್ ಮಾಡಿ ಆರಲು ಬಿಡಿ.

ಸೆಕ್ಟರುಗಳು ತುಂಬ ಕೆಟ್ಟಿದ್ದರೆ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಸಾಧನವಿದೆ. ಅದು ಜಾಣ. ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿ, ಕೊನೆಗೆ ಅವುಗಳ ಹತ್ತಿರ ವಾಪಸ್ ಬರುತ್ತದೆ. ನಡುವೆ ಕರೆಂಟ್ ಹೋದರೂ ನಕ್ಷೆ ಬೇರೊಂದು ಡಿಸ್ಕಿನಲ್ಲಿ ಉಳಿದಿದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಅದನ್ನು ಕಮಾಂಡ್ ಬರೆದು ಓಡಿಸಬೇಕು. ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹಾಗಾಗಿ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಬರುತ್ತಿಲ್ಲ, ಅಥವಾ ನಿಲ್ಲದೆ ಟಕ್ ಟಕ್ ಎನ್ನುತ್ತಿದೆ ಎಂದಾದರೆ ನಮ್ಮಂಥ ಅಂಗಡಿಯವರ ಕೆಲಸ ಅಲ್ಲಿಗೆ ಮುಗಿಯಿತು. ಅದಕ್ಕೆ ಡೇಟಾ ರಿಕವರಿ ಲ್ಯಾಬ್ ಬೇಕು, ಧೂಳಿಲ್ಲದ ಕೋಣೆ ಬೇಕು, ದುಡ್ಡೂ ಬೇಕು. ಫ್ರೀಜರಿನಲ್ಲಿಟ್ಟು ತೆಗೆದರೆ ಓಡುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ಹನಿ ಕಟ್ಟುತ್ತದೆ. ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ.

ಫೈಲು ಹೊರಗೆ ಬಂದ ಮೇಲೆ ಉಸಿರು ಬಿಡಿ. ಇನ್ನು ಆತುರವಿಲ್ಲ. ಮಗ ಹೇಳಿದ್ದು ಸರಿ, ಎಸ್‌ಎಸ್‌ಡಿಯನ್ನೇ ಹಾಕಿಸಿ. ಹಾರ್ಡ್ ಡಿಸ್ಕ್ ಪ್ರತಿ ಸಣ್ಣ ಫೈಲಿಗೂ ಹೆಡ್ ಓಡಿಸಬೇಕು. ಎಸ್‌ಎಸ್‌ಡಿಯಲ್ಲಿ ಓಡುವ ವಸ್ತುವೇ ಇಲ್ಲ. ಬೂಟ್ ಆಗಲು ಅರ್ಧ ನಿಮಿಷ ಸಾಕಾಗುತ್ತದೆ. ನಿಮ್ಮ ಸಿಸ್ಟಮ್ಮಿನ ವಯಸ್ಸು ನೋಡಿದರೆ 2.5 ಇಂಚಿನ ಸ್ಯಾಟಾ ಎಸ್‌ಎಸ್‌ಡಿ ಕಣ್ಣು ಮುಚ್ಚಿಕೊಂಡು ತರಬಹುದು. ಹಳೆಯ ಕೇಬಲ್ ಹಾಗೇ ಅದಕ್ಕೂ ಕೂರುತ್ತದೆ. ಸೆಕೆಂಡಿಗೆ 550 ಎಂಬಿಯ ಆಸುಪಾಸು ಓದುತ್ತದೆ. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎನ್‌ವಿಎಂಇ ಇನ್ನೂ ವೇಗ ನಿಜ, ಆದರೆ ಆ ಕಾಲದ ಬೋರ್ಡುಗಳಲ್ಲಿ ಕೆಲವಕ್ಕೆ ಆ ಸ್ಲಾಟೇ ಇಲ್ಲ. ಕೆಲವಕ್ಕೆ ಸ್ಲಾಟ್ ಇದ್ದರೂ ಅದು ಸ್ಯಾಟಾ ಮಾತ್ರ. ಬೋರ್ಡಿನ ಮಾಡೆಲ್ ನಂಬರ್ ನೋಡದೆ ತಂದು ಪೇಚಾಡಬೇಡಿ. ಪತ್ರಿಕೆ ಮಾಡುವ ಕೆಲಸದಲ್ಲಿ ಎರಡರ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ.

500 ಜಿಬಿ ಸಾಕು. ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದಂತೆ ಎಂದು ಎಲ್ಲರೂ ಕೇಳುತ್ತಾರೆ. ಸವೆಯುತ್ತದೆ. ಸ್ಯಾಮ್‌ಸಂಗ್ 870 ಇವೊ 500 ಜಿಬಿಯನ್ನೇ ಉದಾಹರಣೆಗೆ ಹಿಡಿಯಿರಿ. ಕಂಪನಿ ಅದಕ್ಕೆ 300 ಟಿಬಿ ಬರೆಯುವವರೆಗೆ ಅಥವಾ 5 ವರ್ಷ, ಯಾವುದು ಮೊದಲೋ ಅಲ್ಲಿವರೆಗೆ ವಾರಂಟಿ ಕೊಡುತ್ತದೆ. ನೀವು ದಿನಕ್ಕೆ 20 ಜಿಬಿ ಬರೆದರೂ 300 ಟಿಬಿ ಮುಟ್ಟಲು 15,000 ದಿನ ಬೇಕು, ಅಂದರೆ 41 ವರ್ಷ. ಅಷ್ಟರೊಳಗೆ ಬೇರೇನಾದರೂ ಕೆಟ್ಟಿರುತ್ತದೆ. ನಿಜವಾದ ಭಯ ಬೇರೆ. ಎಸ್‌ಎಸ್‌ಡಿ ಕೆಡುವಾಗ ಟಿಕ್ ಟಿಕ್ ಎಂದು ಹೇಳಿ ಹೋಗುವುದಿಲ್ಲ, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಹಾಗಾಗಿ ಹೊಸದಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೂಡ ತನ್ನಿ. ಶನಿವಾರ ಸಂಜೆ ಅಂಗಡಿ ಮುಚ್ಚುವ ಮೊದಲು ಕಾಪಿ ಮಾಡಿ, ಕೇಬಲ್ ಕಿತ್ತು, ಮನೆಗೆ ಒಯ್ಯಿರಿ.

ಕೊಳ್ಳುವಾಗ ಒಂದು ಎಚ್ಚರ. ಹೆಸರು ಕೇಳದ 2 ಟಿಬಿ ಎಸ್‌ಎಸ್‌ಡಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಅದು ಅಗ್ಗ ಅಲ್ಲ. ಒಳಗೆ ಸಣ್ಣ ಚಿಪ್ ಇಟ್ಟು 2 ಟಿಬಿ ಎಂದು ಸುಳ್ಳು ಹೇಳಿಸುವ ಮಾಲು ಓಡಾಡುತ್ತದೆ. ತುಂಬುವವರೆಗೂ ಗೊತ್ತಾಗುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿ ಅಥವಾ ಪಕ್ಕದ ಬೀದಿಯಿಂದ ತನ್ನಿ, ಸೀಲ್ ಇರುವ ಪ್ಯಾಕ್, ಜಿಎಸ್‌ಟಿ ಬಿಲ್ ಎರಡನ್ನೂ ಕೇಳಿ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನ ಡ್ರೈವನ್ನು ಪೂರ್ತಿ ತುಂಬಿ ಓದಿ ನೋಡಿ ಬಣ್ಣ ಬಯಲು ಮಾಡುತ್ತದೆ.

ಹಳೆಯದನ್ನು ಹಾಗೇ ಕ್ಲೋನ್ ಮಾಡುವುದೋ, ಹೊಸದಾಗಿ ವಿಂಡೋಸ್ ಹಾಕುವುದೋ? ಡಿಸ್ಕ್ ಚೆನ್ನಾಗಿದ್ದು ಸುಮ್ನೆ ವೇಗಕ್ಕಾಗಿ ಬದಲಾಯಿಸುವವರಿಗೆ ನಾನು ಕ್ಲೋನ್ ಎನ್ನುತ್ತೇನೆ. ನಿಮಗೆ ಬೇಡ. ರೋಗಿ ಡಿಸ್ಕಿನಲ್ಲಿ ಅರ್ಧಂಬರ್ಧ ಓದಿದ ವಿಂಡೋಸ್ ಫೈಲುಗಳು ಹೊಸ ಡಿಸ್ಕಿಗೂ ಹಾಗೇ ಬರುತ್ತವೆ, ಕಾಯಿಲೆಯೂ ಜೊತೆಗೇ ಬರುತ್ತದೆ. ಅದೂ ಅಲ್ಲದೆ ಸುಮಾರು ಕ್ಲೋನ್ ಸಾಫ್ಟ್‌ವೇರುಗಳು ಮೊದಲ ಕೆಟ್ಟ ಸೆಕ್ಟರಿಗೇ ಕೈಯೆತ್ತುತ್ತವೆ.

ಆದರೆ ಡಿಟಿಪಿಯವರ ಕಷ್ಟ ನನಗೆ ಗೊತ್ತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರ ಸಿಡಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಯಾರಿಗೂ ನೆನಪಿಲ್ಲ. ಆದ್ದರಿಂದ ಹಳೆಯ ಡಿಸ್ಕ್ ಬಿಚ್ಚುವ ಮೊದಲು ಇನ್‌ಸ್ಟಾಲ್ ಆಗಿರುವ ಸಾಫ್ಟ್‌ವೇರುಗಳ ಪಟ್ಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಪ್ರಿಂಟರ್ ಮಾಡೆಲ್ ಬರೆದಿಡಿ. ಲೈಸೆನ್ಸ್ ಕೀಗಳಿದ್ದರೆ ಅವನ್ನೂ. ಸಿಡಿ ಸಿಗಲೇ ಇಲ್ಲ ಎಂದರೆ ಮಾತ್ರ ಕೊನೆಯ ದಾರಿಯಾಗಿ ಸಿ ಡ್ರೈವನ್ನು, ಅದರ ಜೊತೆಗಿರುವ ಬೂಟ್ ಭಾಗವನ್ನು ಡಿಡಿರೆಸ್ಕ್ಯೂನಿಂದ ಎತ್ತಿಸಬಹುದು.

ಇನ್ನು ಎಲ್ಲರೂ ಮರೆಯುವ ವಿಷಯ: ಫಾಂಟ್. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳು ಯುನಿಕೋಡ್ (ಯಾವ ಸಿಸ್ಟಮ್ಮಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳವು. ಹೊಸ ವಿಂಡೋಸಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ನಿಮ್ಮ ‘ಚಿ. ಸೌ.’ ಜಾಗದಲ್ಲಿ ತಲೆಯ ಮೇಲೆ ಗೀಟು, ಸೊನ್ನೆ ಹೊತ್ತ ರೋಮನ್ ಅಕ್ಷರಗಳು ಬಂದು ಕೂರುತ್ತವೆ. ಫೈಲು ಹಾಳಾಯಿತು ಎಂದು ಅಳುವವರನ್ನು ನೋಡಿದ್ದೇನೆ. ಫೈಲು ಹಾಳಾಗಿರುವುದಿಲ್ಲ, ಫಾಂಟ್ ಇರುವುದಿಲ್ಲ, ಅಷ್ಟೇ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಟ್ಟುಕೊಳ್ಳಿ. ಇದನ್ನು ಪಟ್ಟಿಯಲ್ಲಿ ಮೊದಲೇ ಸೇರಿಸಿ.

ವಿಂಡೋಸ್ ಹಾಕುವುದು ಈಗ ದೊಡ್ಡ ಕೆಲಸವಲ್ಲ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ 8 ಜಿಬಿ ಪೆನ್ ಡ್ರೈವಿನಲ್ಲಿ ಇನ್‌ಸ್ಟಾಲರ್ ತಯಾರಾಗುತ್ತದೆ. ಈಗಿರುವುದು ಅಸಲಿ, ಆಕ್ಟಿವೇಟ್ ಆದ ವಿಂಡೋಸ್ 10 ಆಗಿದ್ದರೆ ಡಿಸ್ಕ್ ಬದಲಾದ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. ಅದು ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೀ ಇಲ್ಲ ಎಂದು ಮುಂದೆ ಹೋಗಿ, ಮೊದಲಿನ ಆವೃತ್ತಿಯನ್ನೇ ಆರಿಸಿ, ನೆಟ್ ಸಿಕ್ಕಾಗ ಅದೇ ಆಕ್ಟಿವೇಟ್ ಆಗುತ್ತದೆ. ಆದರೆ ವಿಂಡೋಸ್ 10ರ ಉಚಿತ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಅಪ್‌ಡೇಟಿಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸ್ 11 ಕೇಳುವ ಪ್ರೊಸೆಸರ್ 2016ರ ಸಿಸ್ಟಮ್ಮಿನಲ್ಲಿ ಇರುವುದಿಲ್ಲ. ಆ ಸಿಸ್ಟಂ ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಮಗನ ಜೊತೆ ಕೂತು ಯೋಚಿಸಿ. ಬದಲಾಯಿಸಿದರೂ ಎಸ್‌ಎಸ್‌ಡಿ ವ್ಯರ್ಥವಲ್ಲ, ಹೊಸ ಡೆಸ್ಕ್‌ಟಾಪಿಗೂ ಹಾಕಬಹುದು.

ಇನ್‌ಸ್ಟಾಲ್ ಮಾಡುವಾಗ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಹಳೆಯ ಡಿಸ್ಕಿನ ಕೇಬಲ್ ಕಿತ್ತಿರಲಿ. ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ಇನ್‌ಸ್ಟಾಲರ್ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಬೂಟ್ ಮಾಡುವ ಸಣ್ಣ ಭಾಗವನ್ನು ಹಳೆಯ ಡಿಸ್ಕಿನಲ್ಲೇ ಬಿಡುವುದುಂಟು. ಎರಡು ತಿಂಗಳ ಮೇಲೆ ಹಳೆಯ ಡಿಸ್ಕ್ ಸತ್ತ ದಿನ ಹೊಸ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಜನ ಎಸ್‌ಎಸ್‌ಡಿಯನ್ನು ಬೈಯುತ್ತಾರೆ, ಪಾಪ. ಎಸ್‌ಎಸ್‌ಡಿ ಕೂರಿಸಲು ಜಾಗ ಸರಿಹೊಂದದಿದ್ದರೆ ಸಣ್ಣ ಬ್ರ್ಯಾಕೆಟ್ ಸಿಗುತ್ತದೆ. ಅದೂ ಇಲ್ಲದಿದ್ದರೆ ಡಬಲ್ ಸೈಡ್ ಟೇಪ್ ಅಂಟಿಸಿದರೂ ನಡೆಯುತ್ತದೆ, ಅದರೊಳಗೆ ಅಲುಗಾಡುವಂಥದ್ದೇನೂ ಇಲ್ಲ.

ಎಲ್ಲ ಮುಗಿದ ಮೇಲೆ ಹಳೆಯ ಡಿಸ್ಕನ್ನು ‘ಇರಲಿ ಬಿಡಿ, ಡಿ ಡ್ರೈವ್ ಆಗಿ’ ಎಂದು ಒಳಗೇ ಬಿಡುವ ಆಸೆ ಬರುತ್ತದೆ. ಬೇಡ. ಬೂಟ್ ಆಗುವಾಗ ವಿಂಡೋಸ್ ಅದನ್ನೂ ಮಾತಾಡಿಸುತ್ತದೆ, ಅದು ಉತ್ತರ ಕೊಡದಿದ್ದರೆ ಹೊಸ ಸಿಸ್ಟಮ್ಮೂ ಕಾಯುತ್ತ ಕೂರುತ್ತದೆ. ಬಿಚ್ಚಿ, ತಾರೀಖು ಬರೆದ ಚೀಟಿ ಅಂಟಿಸಿ, ಆರು ತಿಂಗಳು ಬೀರುವಿನಲ್ಲಿಡಿ. ಯಾವುದೋ ಫೈಲು ಬಿಟ್ಟುಹೋಗಿದೆ ಎಂದು ನೆನಪಾಗುವುದು ಆಮೇಲೆಯೇ. ಆರು ತಿಂಗಳ ನಂತರ ಗುಜರಿಯವರಿಗೆ ಹಾಗೇ ಕೊಡಬೇಡಿ. ತಾಲೂಕು ಆಫೀಸಿನ ಎದುರಿನ ಅಂಗಡಿ ಎಂದಿರಿ. ಅದರಲ್ಲಿ ಅರ್ಧ ಊರಿನ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಇರುತ್ತದೆ. ಡಿಲೀಟ್ ಒತ್ತಿದರೆ ಅವು ಹೋಗುವುದಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ, ಡಿಸ್ಕಿನ ತಟ್ಟೆ ಇರುವ ಕಡೆ ಡ್ರಿಲ್ಲಿನಿಂದ ಮೂರು ನಾಲ್ಕು ತೂತು ಹಾಕಿಸಿ. ತಟ್ಟೆ ಗಾಜಿನದ್ದಾಗಿದ್ದರೆ ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ.